ಪ್ಯಾರಾಲೀಗಲ್ ಕೋರ್ಸಿಗೆ ಹೊಸ ಪಠ್ಯ ಬೇಕು

ಮಾನ್ಯರೇ,

ನಗರದ ಸಮುದಾಯ ಕಾಲೇಜೊಂದರಲ್ಲಿ ಪ್ಯಾರಾಲೀಗಲ್ (ವಕೀಲರಿಗೆ ನೆರವಾಗುವ ಕಾನೂನು ಸಹಾಯಕ) ತರಬೇತಿ ಪಡೆಯುತ್ತಿರುವ ನನ್ನ ಅಣ್ಣನ ಮಗಳ ನೋಟ್ಸ್ ನೋಡಿದೆ. ವಂಚನೆಗೆ ಈಗಲೂ ಹಳೇ ದಂಡ ಸಂಹಿತೆಯಾದ ಐಪಿಸಿಯ ಸೆಕ್ಷನ್ 420 ಅಂತಲೇ ಬರೆಸಿದ್ದಾರೆ! 2024ರ ಜುಲೈ 1ರಿಂದ ಅದರ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರಲ್ಲಿ ವಂಚನೆ 318ನೇ ಸೆಕ್ಷನ್. ಹಳೇ ಕೇಸುಗಳಿಗೆ ಐಪಿಸಿಯೂ ಬೇಕು, ಒಪ್ಪುತ್ತೇನೆ. ಹೊಸದನ್ನೂ ಹೇಳಿಕೊಡಬೇಕು ಅಲ್ವಾ?

ಪಠ್ಯ ತಿದ್ದುವುದು ಸುಲಭ. ದೊಡ್ಡ ಕೊರತೆ ಇರುವುದು ಅಭ್ಯಾಸದಲ್ಲಿ. ವಕಾಲತ್ತು (ಕಕ್ಷಿದಾರ ವಕೀಲರಿಗೆ ಕೊಡುವ ಅಧಿಕಾರ ಪತ್ರ) ತುಂಬೋಕೆ ಬರುತ್ತಾ, ಅಫಿಡವಿಟ್ ಟೈಪ್ ಮಾಡ್ತೀಯಾ, ಕೋರ್ಟುಗಳ ಇ-ಕೋರ್ಟ್ಸ್ ವೆಬ್‌ಸೈಟ್‌ನಲ್ಲಿ ಕೇಸಿನ ಮುಂದಿನ ತಾರೀಕು ನೋಡ್ತೀಯಾ ಅಂತ ವಕೀಲರ ಆಫೀಸಿನಲ್ಲಿ ಮೊದಲ ದಿನವೇ ಕೇಳುತ್ತಾರೆ. ಇದ್ಯಾವುದನ್ನೂ ತರಗತಿಯಲ್ಲಿ ಮಾಡಿಸಿಲ್ಲ. ಕನ್ನಡದಲ್ಲಿ ಅರ್ಜಿ ಬರೆಸುವುದಂತೂ ದೂರದ ಮಾತು. ಸುಮ್ನೆ ವ್ಯಾಖ್ಯಾನಗಳನ್ನು ಉರು ಹೊಡೆಸುತ್ತಾರೆ.

ಪಠ್ಯ ಪರಿಶೀಲಿಸಲು ಪ್ರೊಫೆಸರ್‌ಗಳಷ್ಟೇ ಸಾಲದು. ಸಿಟಿ ಸಿವಿಲ್ ಕೋರ್ಟಿನಲ್ಲಿ ಪಳಗಿದ ವಕೀಲರ ಗುಮಾಸ್ತರೊಬ್ಬರನ್ನು, ಹಳೇ ವಿದ್ಯಾರ್ಥಿಗಳನ್ನು ಕೂರಿಸಿಕೊಳ್ಳಲಿ. ಕಾನೂನು ಸೇವಾ ಪ್ರಾಧಿಕಾರದ ನೆರವು ಕೇಂದ್ರಕ್ಕೂ ಮಕ್ಕಳನ್ನು ಕಳಿಸಲಿ. ಆದಾಯ ಎಷ್ಟೇ ಇರಲಿ, ಮಹಿಳೆಯರು ಉಚಿತ ಕಾನೂನು ನೆರವು ಕೇಳಬಹುದು ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಅದನ್ನು ತಿಳಿಸಬೇಕಾದವರು ಈ ಪ್ಯಾರಾಲೀಗಲ್‌ಗಳೇ. ಮುಂದಿನ ಬ್ಯಾಚ್‌ನಿಂದ ಫೀಸು ಕಟ್ಟಿಸಿಕೊಳ್ಳುವ ಮೊದಲು ಇಷ್ಟಾದರೂ ಆಗಲಿ.

– ಒಬ್ಬ ಓದುಗ, ಬೆಂಗಳೂರು