ಗ್ರಂಥಾಲಯವನ್ನು ವಿದ್ಯಾರ್ಥಿಗಳ ಮೊಬೈಲಿಗೆ ತಲುಪಿಸಲು ನೆರವಾಗಿ

ಬೀದರ್ ಜಿಲ್ಲೆಯ ಬಂಧುಗಳಲ್ಲಿ, ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ವಿನಂತಿ.

ನಮ್ಮ ಟ್ರಸ್ಟ್ ನಡೆಸುತ್ತಿರುವ ಪದವಿ ಕಾಲೇಜಿಗೆ ಬರುವ ಹೆಚ್ಚಿನ ಮಕ್ಕಳು ಔರಾದ್, ಭಾಲ್ಕಿ, ಕಮಲನಗರದ ಕಡೆಯ ಹಳ್ಳಿಗಳವರು. ಗ್ರಂಥಾಲಯ ತೆರೆದಿರುವಾಗ ಅವರು ತರಗತಿಯಲ್ಲಿರುತ್ತಾರೆ, ಪಾಠ ಮುಗಿದೊಡನೆ ಬಸ್ಸಿಗೆ ಓಡುತ್ತಾರೆ. 1472ರಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗಾವಾನ್ ಇದೇ ಬೀದರಿನಲ್ಲಿ ಮದರಸಾ ಕಟ್ಟಿಸಿದಾಗ ಪುಸ್ತಕ ಭಂಡಾರದ ಜೊತೆಗೆ ಓದುವವರು ತಂಗಲು ಕೋಣೆಗಳನ್ನೂ ಕಟ್ಟಿಸಿದ್ದ. ಅಷ್ಟು ಶಕ್ತಿ ನಮಗಿಲ್ಲ. ಆದರೆ ಊರಿಗೆ ಹೋದ ಮೇಲೂ ಗ್ರಂಥಾಲಯ ಅವರ ಕೈಯಲ್ಲೇ ಇರುವಂತೆ ಮಾಡಬಲ್ಲೆವು.

ತಂತ್ರಾಂಶಕ್ಕೆ ದುಡ್ಡು ಬೇಕಿಲ್ಲ. ಗ್ರಂಥಾಲಯ ನಡೆಸಲೆಂದೇ ಇರುವ ಕೋಹಾ ಎಂಬ ಮುಕ್ತ ತಂತ್ರಾಂಶ ಉಚಿತ. ಪುಸ್ತಕ ಕಪಾಟಿನಲ್ಲಿದೆಯೋ, ಯಾರಾದರೂ ಒಯ್ದಿದ್ದಾರೋ ಎಂದು ಮೊಬೈಲಿನಲ್ಲೇ ನೋಡಬಹುದು, ಕಾಯ್ದಿರಿಸಬಹುದು, ವಾಯಿದೆ ಮುಂದೂಡಿಸಿಕೊಳ್ಳಬಹುದು. ಹಣ ಬೇಕಿರುವುದು ಪುಸ್ತಕಗಳ ಪಟ್ಟಿ ಸಿದ್ಧಪಡಿಸುವ ದುಡಿಮೆಗೆ. ನಮ್ಮ ಕನ್ನಡ ಪುಸ್ತಕಗಳ ಪಟ್ಟಿಯನ್ನು ಎಲ್ಲ ಸಾಧನಗಳಲ್ಲೂ ಕನ್ನಡ ಸರಿಯಾಗಿ ಕಾಣಿಸುವ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ‘ನುಡಿ’ ಅಕ್ಷರಶೈಲಿಯಲ್ಲಿ ಟೈಪ್ ಮಾಡಲಾಗಿದೆ. ಮೊಬೈಲಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಕಪಾಟಿನ ತುಂಬ ವಚನ ಸಾಹಿತ್ಯವಿದ್ದರೂ ‘ವಚನ’ ಎಂದು ಹುಡುಕಿದರೆ ಒಂದು ಹೆಸರೂ ಬರುವುದಿಲ್ಲ. ಬಸವಕಲ್ಯಾಣ ಇರುವ ಜಿಲ್ಲೆಯ ಕಾಲೇಜಿಗೆ ಇದು ಸಲ್ಲದ ಮಾತು. ನುಡಿಯನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳಿವೆ, ನಿಜ. ಒತ್ತಕ್ಷರಗಳು ಅಲ್ಲಲ್ಲಿ ತಪ್ಪುವುದರಿಂದ ಪ್ರತಿಯೊಂದು ಪುಸ್ತಕವನ್ನೂ ಕೈಗೆತ್ತಿಕೊಂಡು, ಶೀರ್ಷಿಕೆ ತಾಳೆ ನೋಡಿ, ಬಾರ್‌ಕೋಡ್ ಅಂಟಿಸಬೇಕು. ಉರ್ದು, ಮರಾಠಿ ಪುಸ್ತಕಗಳಂತೂ ಕೈಬರಹದ ರಿಜಿಸ್ಟರಿನಲ್ಲೇ ಇವೆ. ಆ ಲಿಪಿಗಳನ್ನು ಬಲ್ಲ ವಿದ್ಯಾರ್ಥಿಗಳು ಭಾನುವಾರಗಳಂದು ಬಂದು ಕೆಲಸ ಮಾಡಲು ಒಪ್ಪಿದ್ದಾರೆ. ಅವರಿಗೆ ಗೌರವಧನ, ಬಸ್ ಖರ್ಚು, ಮಧ್ಯಾಹ್ನದ ಊಟ ಕೊಡದೆ ದುಡಿಸಿಕೊಳ್ಳುವುದು ನಮಗೆ ಒಪ್ಪಿಗೆಯಿಲ್ಲ.

2025ರ ಜನವರಿಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯ ಸಂಶೋಧನಾ ಪತ್ರಿಕೆಗಳು ಸದ್ಯಕ್ಕೆ ಸರ್ಕಾರಿ ಸಂಸ್ಥೆಗಳಿಗಷ್ಟೇ. ನಮ್ಮಂಥವರಿಗೆ ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರವು ಕಾಲೇಜುಗಳಿಗಾಗಿ ನಡೆಸುವ ಎನ್-ಲಿಸ್ಟ್ ಎಂಬ ಆನ್‌ಲೈನ್ ಓದಿನ ಸೇವೆ ಆಸರೆ. ಅದರ ವಾರ್ಷಿಕ ಶುಲ್ಕ ಕಟ್ಟಿದರೆ ಪ್ರತಿ ವಿದ್ಯಾರ್ಥಿಗೂ ಲಾಗಿನ್ ಸಿಗುತ್ತದೆ, ಹಳ್ಳಿಯಲ್ಲಿ ಕುಳಿತೇ ಇ-ಪುಸ್ತಕ ಓದಬಹುದು.

ಸ್ವಂತ ಮೊಬೈಲ್ ಇಲ್ಲದ ಮಕ್ಕಳೂ ಇದ್ದಾರೆ, ಅದರಲ್ಲೂ ಹೆಣ್ಣುಮಕ್ಕಳು. ಮನೆಗೊಂದೇ ಫೋನ್, ಅದು ಅಪ್ಪನ ಜೊತೆ ಹೊಲಕ್ಕೆ ಹೋಗಿರುತ್ತದೆ. ಇಂಥವರಿಗೆ ಪುಸ್ತಕ ಕೊಟ್ಟಂತೆಯೇ ಫೋನನ್ನೂ ಎರವಲು ಕೊಡುವ ಯೋಚನೆಯಿದೆ. ನೀವು ಬಳಸಿ ಬಿಟ್ಟ, ಸುಸ್ಥಿತಿಯಲ್ಲಿರುವ ಸ್ಮಾರ್ಟ್‌ಫೋನ್ ಇದ್ದರೆ ಚಾರ್ಜರ್ ಸಹಿತ ಕೊಡಿ. ನಿಮ್ಮ ಮಾಹಿತಿಯನ್ನು ಮೊದಲೇ ಅಳಿಸಿಬಿಡಿ.

ದೇಣಿಗೆ ಎಷ್ಟೇ ಇರಲಿ, ಟ್ರಸ್ಟಿನ ಹೆಸರಿಗೆ ಚೆಕ್ ಅಥವಾ ಯುಪಿಐ ಮೂಲಕ ಸಲ್ಲಿಸಿ, ಕಾಲೇಜು ಕಚೇರಿಯಲ್ಲಿ ರಸೀದಿ ಪಡೆಯಿರಿ. ಬಂದ ಹಣ, ಆದ ಖರ್ಚು ಎರಡನ್ನೂ ಪ್ರತಿ ತಿಂಗಳು ಗ್ರಂಥಾಲಯದ ಸೂಚನಾ ಫಲಕದಲ್ಲಿ ಹಾಕುತ್ತೇವೆ.