ಅಮ್ಮನಿಗೆ, ನನ್ನ ಕೆಲಸದ ಬಟ್ಟೆಯ ಬಗ್ಗೆ

ಬ್ರಾಂಪ್ಟನ್, ಒಂಟಾರಿಯೊ
ನವೆಂಬರ್ ತಿಂಗಳ ಕೊನೆಯ ಭಾನುವಾರ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಪ್ಪನ ಮಂಡಿನೋವು ಈಗ ಹೇಗಿದೆ? ಅಡಿಕೆ ಕೊನೆಕೊಯ್ಲು ಶುರುವಾಗಿದ್ದರೆ ತೋಟದಲ್ಲಿ ನಿಂತೇ ಇರುತ್ತಾರೆ. ಒಂದು ಸ್ಟೂಲ್ ಹಾಕಿಸಿ ಕೂರಿಸು.

ಮೊನ್ನೆ ಫೋನಲ್ಲಿ ನೀನು, "ಮನೆಯಲ್ಲೇ ತಾನೇ ಇರೋದು, ಒಂದು ನೈಟಿ ಹಾಕ್ಕೊಂಡ್ರೆ ಆಗಲ್ವಾ?" ಅಂದೆ. ಆಮೇಲೆ ನನ್ನ ಕೈ ನೋಡಿ, "ಬಳೆ ಎಲ್ಲಿ, ಕರಿಮಣಿ ಎಲ್ಲಿ?" ಅಂತ ಬೇಜಾರು ಮಾಡಿಕೊಂಡೆ. ಅಷ್ಟರಲ್ಲಿ ನನ್ನ ಡೇಕೇರ್ ಮಕ್ಕಳು ನಿದ್ದೆಯಿಂದ ಎದ್ದರು, ಸರಿಯಾಗಿ ಮಾತಾಡಲು ಆಗಲಿಲ್ಲ. ಚಿಕ್ಕಮ್ಮನ ಮಗ ಬರುವಾಗ ಅವನ ಕೈಲಿ ಬಟ್ಟೆ ಕಳಿಸುತ್ತೇನೆ ಅಂತಲೂ ಹೇಳಿದೆಯಲ್ಲ, ಅದಕ್ಕೇ ಸಮಾಧಾನವಾಗಿ ಕೂತು ಬರೆಯುತ್ತಿದ್ದೇನೆ. ಅತ್ತಿಗೆಗೂ ಓದಿ ಹೇಳು. ಹೊಲಿಯುವವರು ಅವರೇ ಅಲ್ವಾ.

ನೈಟಿ ನನಗೂ ಇಷ್ಟ. ಆದರೆ ಬೆಳಿಗ್ಗೆ ಏಳೂವರೆಗೆ ಅಪ್ಪ ಅಮ್ಮಂದಿರು ಮಕ್ಕಳನ್ನು ಎತ್ತಿಕೊಂಡು ಬಾಗಿಲಿಗೆ ಬರುತ್ತಾರೆ. ಇಡೀ ದಿನ ಮಗುವನ್ನು ನನ್ನ ಕೈಗೆ ಒಪ್ಪಿಸಿ ಹೋಗುವವರು ಅವರು. ನಾನು ಈಗ ತಾನೇ ಹಾಸಿಗೆಯಿಂದ ಎದ್ದು ಬಂದಂತೆ ಕಂಡರೆ ಅವರ ಮನಸ್ಸಿಗೆ ಹೇಗಾಗಬೇಡ? ಇದು ಸುಮ್ನೆ ಪಕ್ಕದ ಮನೆ ಮಗುವನ್ನು ಆಡಿಸುವ ಹಾಗಲ್ಲ ಅಮ್ಮ. ಇಲ್ಲಿ ಲೈಸೆನ್ಸ್ ಇರುವ ಏಜೆನ್ಸಿಯ ಕೆಳಗೆ ಮನೆಯಲ್ಲಿ ಡೇಕೇರ್ ನಡೆಸುವವರು 13 ವರ್ಷದೊಳಗಿನ 6 ಮಕ್ಕಳನ್ನು ಮಾತ್ರ ನೋಡಿಕೊಳ್ಳಬಹುದು. ಅವರಲ್ಲಿ ಎರಡು ವರ್ಷ ತುಂಬದವರು 3ಕ್ಕಿಂತ ಜಾಸ್ತಿ ಇರುವಂತಿಲ್ಲ. ಏಜೆನ್ಸಿಯವರು ಹೇಳದೆ ಕೇಳದೆ ಬಂದು ಮನೆಯೆಲ್ಲ ನೋಡಿ ಹೋಗುತ್ತಾರೆ. ಊರಲ್ಲಿ ಯಾರೋ "ಅಷ್ಟು ಓದಿ ಆಯಾ ಕೆಲಸಾನಾ" ಅಂದರು ಅಂತ ನೀನು ನೊಂದುಕೊಂಡಿದ್ದೆ. ನನಗೆ ಈ ಕೆಲಸದ ಮೇಲೆ ತುಂಬಾ ಗೌರವ ಇದೆ. ಅದಕ್ಕೆ ತಕ್ಕ ಹಾಗೆ ತಯಾರಾಗಿ ಬಾಗಿಲು ತೆಗೆಯಬೇಕು ಅನ್ನಿಸುತ್ತದೆ.

ನೈಟಿ ಬೇಡ ಅನ್ನಲು ಇನ್ನೊಂದು ಕಾರಣ ಅದರ ಅಂಚು. ನಾನು ನೆಲದ ಮೇಲೆ ಕೂತಿದ್ದಾಗ ಅಂಬೆಗಾಲಿಡುವ ಮಗು ಬಂದು ಅಂಚಿನ ಮೇಲೇ ಕೂತಿರುತ್ತದೆ. ಗೊತ್ತಾಗದೆ ಎದ್ದರೆ ಮಗು ಹಿಂದಕ್ಕೆ ಉರುಳುತ್ತದೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತುವಾಗಲಂತೂ ಕಾಲಿಗೆ ತೊಡರುವ ಯಾವ ಬಟ್ಟೆಯೂ ಬೇಡ. ಇಲ್ಲಿನ ಮೆಟ್ಟಿಲು ಮರದ್ದು, ಜಾರುತ್ತದೆ. ಬರೀ ಕಾಲುಚೀಲದಲ್ಲೂ ಓಡಾಡುವುದಿಲ್ಲ, ತಳಕ್ಕೆ ರಬ್ಬರ್ ಇರುವ ಒಳಗಿನ ಚಪ್ಪಲಿ ಇಟ್ಟುಕೊಂಡಿದ್ದೇನೆ.

ಇನ್ನು ಬಳೆ. ಗಾಜಿನ ಬಳೆ ಡಬ್ಬಿಯಲ್ಲಿ ಜೋಪಾನವಾಗಿದೆ. ವಾರದ ಕೊನೆಯಲ್ಲಿ ಹಾಕಿಕೊಳ್ಳುತ್ತೇನೆ. ಮಕ್ಕಳಿರುವಾಗ ಒಂದು ಬಳೆ ಒಡೆದರೆ ಅದರ ಚೂರನ್ನೆಲ್ಲ ಹುಡುಕೋದು ಹೇಗೆ ಹೇಳು? ನಮ್ಮ ಕಣ್ಣಿಗೆ ಬೀಳದ್ದು ಅಂಬೆಗಾಲಿಡುವವರಿಗೆ ಮೊದಲು ಕಾಣುತ್ತದೆ, ಕಂಡದ್ದು ಸೀದಾ ಬಾಯಿಗೆ ಹೋಗುತ್ತದೆ. ಡೈಪರ್ ಬದಲಿಸಿದಾಗಲೆಲ್ಲ ಸೋಪು ಹಾಕಿ ಮಣಿಕಟ್ಟಿನವರೆಗೆ ತೊಳೆಯಬೇಕು. ಬಳೆ, ಉಂಗುರ ಇದ್ದರೆ ಅವುಗಳ ಅಡಿಯಲ್ಲೇ ಕೊಳೆ ನಿಂತುಬಿಡುತ್ತದೆ. ಹರಳಿನ ಉಂಗುರ ಮಗುವಿನ ತೊಡೆಗೆ ಗೀರಿದರೂ ಗೀರೀತು.

ಕರಿಮಣಿ ಕತ್ತಲ್ಲೇ ಇದೆ ಅಮ್ಮ, ಗಾಬರಿಯಾಗಬೇಡ. ಉದ್ದದ್ದು ತೆಗೆದಿಟ್ಟು ಗಿಡ್ಡ ಸರ ಹಾಕಿಕೊಂಡು ಕುರ್ತಾ ಒಳಗೆ ಸೇರಿಸಿಕೊಳ್ಳುತ್ತೇನೆ. ಎತ್ತಿಕೊಂಡ ತಕ್ಷಣ ಮಗುವಿನ ಕೈ ಮೊದಲು ಹೋಗುವುದು ಸರಕ್ಕೆ, ಆಮೇಲೆ ಕಿವಿಗೆ. ಕಿವಿಗೆ ತಿರುಪಿನ ಸಣ್ಣ ಓಲೆ ಸಾಕು. ನಮ್ಮ ಕಡೆ ಹೆಂಗಸರು ಕರಿಮಣಿಗೋ ಬಳೆಗೋ ಎರಡು ಪಿನ್ನು ಸಿಕ್ಕಿಸಿಕೊಂಡಿರುತ್ತಾರಲ್ಲ, ಸೀರೆಗೆ ಬೇಕಾದೀತು ಅಂತ. ಅದನ್ನು ಪೂರ್ತಿ ಬಿಟ್ಟಿದ್ದೇನೆ. ಹಣೆಯ ಸ್ಟಿಕ್ಕರ್ ಕೂಡ ಇಲ್ಲ. ಸಂಜೆ ಹೊತ್ತಿಗೆ ಅಂಟು ಹೋಗಿ ಎಲ್ಲೋ ಬೀಳುತ್ತದೆ, ಎಲ್ಲಿ ಬಿತ್ತು ಅಂತ ಗೊತ್ತೇ ಆಗುವುದಿಲ್ಲ. ಸ್ನಾನ ಮಾಡಿ ಕುಂಕುಮ ಇಟ್ಟುಕೊಳ್ಳುತ್ತೇನೆ. ಕಾಲುಂಗುರ ಹಾಗೇ ಇದೆ.

ವೇಲ್ ಮಾತ್ರ ದಯವಿಟ್ಟು ಕಳಿಸಬೇಡ. ಇಲ್ಲಿ ಚಳಿಗಾಲದಲ್ಲಿ ಮಕ್ಕಳಿಗೇ ಉದ್ದ ಮಫ್ಲರ್ ಸುತ್ತಬೇಡಿ ಅನ್ನುತ್ತಾರೆ. ಜಾರುಬಂಡೆಯಲ್ಲಿ ತುದಿ ಸಿಕ್ಕಿಕೊಂಡರೆ ಕತ್ತು ಬಿಗಿಯುತ್ತದೆ. ಅದರ ಬದಲು ತಲೆಯಿಂದ ತೂರಿಸುವ ಗಿಡ್ಡ ಪಟ್ಟಿ ಹಾಕುತ್ತೇವೆ. ಜಾಕೆಟ್ಟಿನ ಟೋಪಿಗೆ ದಾರ ಇದ್ದರೆ ಅದನ್ನೂ ತೆಗೆಯುತ್ತೇವೆ. ಮಕ್ಕಳ ಮೈಮೇಲೆ ಬೇಡ ಅಂದದ್ದನ್ನು ನಾನು ಹೆಗಲಿಗೆ ಹಾಕಿಕೊಂಡು ಅವರ ಮಧ್ಯೆ ಓಡಾಡುವುದು ಸರಿಯಲ್ಲ.

ಹೋದ ತಿಂಗಳು ಒಂದೂವರೆ ವರ್ಷದ ಹುಡುಗಿ ಹೊಸದಾಗಿ ಸೇರಿದಳು. ಅವಳ ಅಮ್ಮ ಕಾರು ಹತ್ತಿದ ಕೂಡಲೇ ಅಳು. ಗೊಂಬೆ ಕೊಟ್ಟರೂ ಬೇಡ, ಬಾಳೆಹಣ್ಣು ಕೊಟ್ಟರೂ ಬೇಡ. ನಾನು ಒಲೆಯ ಹತ್ತಿರ ಹೋದರೆ ಅಡುಗೆಮನೆಯ ಅಡ್ಡಗೇಟಿನ ಆಚೆ ನಿಂತು ಅಳುತ್ತಿದ್ದಳು. ಒಂದು ದಿನ ನನ್ನ ನೀಲಿ ಕುರ್ತಾದ ಜೇಬಿನೊಳಗೆ ಕೈ ಹಾಕಿದಳು. ಒಳಗೆ ಟಿಶ್ಯೂ ಅಷ್ಟೇ ಇತ್ತು. ಕೈ ಮಾತ್ರ ತೆಗೆಯಲಿಲ್ಲ. ಹಾಗೇ ಜೇಬು ಹಿಡಿದುಕೊಂಡು ನನ್ನ ಜೊತೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದಳು. ಅವತ್ತಿನಿಂದ ಬೆಳಿಗ್ಗೆ ಬಂದವಳೇ ಜೇಬು ಹುಡುಕುತ್ತಾಳೆ. ಅವಳು ಇಲ್ಲಿಗೆ ಒಗ್ಗುವ ತನಕ ಅದೇ ಮೂರು ಕುರ್ತಾಗಳನ್ನು ತಿರುಗಿಸಿ ಹಾಕಿಕೊಳ್ಳೋಣ ಅಂತ ಇದ್ದೇನೆ. ಸೆಂಟನ್ನೂ ನಿಲ್ಲಿಸಿದ್ದೇನೆ. ದಮ್ಮು ಇರುವ ಮಕ್ಕಳಿಗೆ ಅದು ಆಗುವುದಿಲ್ಲ. ಪುಟ್ಟ ಮಕ್ಕಳಿಗೆ ಹೆಗಲ ಮೇಲೆ ನಿದ್ದೆ ಹತ್ತುವುದು ಗೊತ್ತಿರುವ ವಾಸನೆಗೆ ಅಂತ ನನಗೆ ಅನ್ನಿಸುತ್ತದೆ.

ಈಗ ಹೊರಗಿನ ಕಥೆ. ಹವಾಮಾನ ಚೆನ್ನಾಗಿದ್ದರೆ ದಿನಕ್ಕೆ 2 ಗಂಟೆ ಮಕ್ಕಳನ್ನು ಹೊರಗೆ ಆಡಿಸಬೇಕು ಅಂತ ನಿಯಮ ಇದೆ. ಚಳಿಗಾಲದಲ್ಲಿ ಇಷ್ಟು ಮಕ್ಕಳಿಗೆ ಹಿಮದ ಬಟ್ಟೆ ತೊಡಿಸುವುದೇ ದೊಡ್ಡ ಕೆಲಸ. ಮೊದಲು ದಪ್ಪ ಪ್ಯಾಂಟು, ಆಮೇಲೆ ಬೂಟು, ಆಮೇಲೆ ಜಾಕೆಟ್, ಕತ್ತಿನ ಪಟ್ಟಿ, ಟೋಪಿ, ಕೊನೆಗೆ ಕೈಗವಸು. ಕೈಗವಸು ಮೊದಲೇ ಹಾಕಿದರೆ ದೊಡ್ಡ ಮಕ್ಕಳೂ ತಮ್ಮ ಜಿಪ್ ತಾವು ಎಳೆದುಕೊಳ್ಳಲು ಆಗುವುದಿಲ್ಲ. ನಾನು ಮಾತ್ರ ದಪ್ಪ ಪ್ಯಾಂಟು ಮೊದಲೇ ಹಾಕಿ, ಜಾಕೆಟ್ ಎಲ್ಲರದೂ ಮುಗಿದ ಮೇಲೆ ಹಾಕಿಕೊಳ್ಳುತ್ತೇನೆ. ಇಲ್ಲದಿದ್ದರೆ ಹೊರಡುವಷ್ಟರಲ್ಲಿ ಬೆವರಿ ಒದ್ದೆ. ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ, ಹೊರಗೆ ನಿಂತರೆ ಮೈ ನಡುಗುತ್ತದೆ. ಹಾಗಾಗಿ ಚಳಿಗಾಲದಲ್ಲಿ ಒಳಗೆ ತೆಳುವಾದ ಉಣ್ಣೆ ಬನಿಯನ್. ಅದನ್ನು ಇಲ್ಲೇ ಕೊಳ್ಳುತ್ತೇನೆ, ನೀನು ಕಳಿಸಬೇಡ.

ಚರಕ ಮಹಿಳಾ ಸಂಘದಿಂದ ನೀನು ತಂದುಕೊಟ್ಟ ಅಡಿಕೆ ಚೊಗರಿನ ಬಣ್ಣದ ಕುರ್ತಾ ನನಗೆ ಪ್ರಾಣ. ಹೆಗ್ಗೋಡಿನ ಹೆಂಗಸರು ಮಾಡಿದ್ದು ಅಂತ ಇಲ್ಲಿ ಕೇಳಿದವರಿಗೆಲ್ಲ ಹೇಳಿದ್ದೇನೆ. ಆದರೆ ಕೈಮಗ್ಗದ ಬಟ್ಟೆ, ಗಿಡಮರದ ಬಣ್ಣ, ತಣ್ಣೀರಲ್ಲಿ ಮೆತ್ತಗೆ ಒಗೆಯಬೇಕು. ಕೆಲಸದ ಬಟ್ಟೆಗೆ ಹಾಲು, ಸಿಂಬಳ, ವಾಂತಿ ಎಲ್ಲ ತಾಗುತ್ತದೆ, ಬಿಸಿನೀರೇ ಬೇಕು. ರಾತ್ರಿ 7ರ ಮೇಲೆ ಕರೆಂಟ್ ದರ ಕಡಿಮೆ, ಆಗ ಮಷೀನಿಗೆ ಹಾಕಿ ಡ್ರೈಯರಲ್ಲಿ ಒಣಗಿಸುತ್ತೇನೆ. ಅದಕ್ಕೇ ಚರಕದ್ದು ಭಾನುವಾರದ ಕುರ್ತಾ. ಈಗಲೂ ಅದನ್ನೇ ಹಾಕಿಕೊಂಡಿದ್ದೇನೆ.

ಅತ್ತಿಗೆಗೆ ಹೇಳಬೇಕಾದ್ದು ಇಷ್ಟು. ಸಾಗರದ ಪೇಟೆಯಲ್ಲಿ ಗಟ್ಟಿ ಹತ್ತಿ ಬಟ್ಟೆ ತೆಗೆದುಕೊಳ್ಳಲಿ, ನಾಲ್ಕು ಕುರ್ತಾಗೆ ಆಗುವಷ್ಟು. ಕತ್ತರಿಸುವ ಮೊದಲು ನೆನೆಸಿ ಒಣಗಿಸಲಿ, ಡ್ರೈಯರಿಗೆ ಹೊಸ ಹತ್ತಿ ಬಟ್ಟೆ ಕುಗ್ಗಿಬಿಡುತ್ತದೆ. ಬಿಳಿ ಬೇಡ, ಅಚ್ಚ ಕಪ್ಪೂ ಬೇಡ, ಒಣಗಿದ ಹಾಲಿನ ಕಲೆ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ನೀಲಿ, ಕಂದು, ಸಣ್ಣ ಹೂವಿನ ಪ್ರಿಂಟ್ ಒಳ್ಳೆಯದು. ಮಕ್ಕಳಿಗೆ ತಿಳಿಸಾರು ಅನ್ನ ಕೊಡುತ್ತೇನೆ, ಅರಿಶಿನದ ಕಲೆ ಬಿಸಿಲಿಗೆ ಹಾಕಿದರೆ ಹೋಗುತ್ತದೆ, ಆದರೆ ಇಲ್ಲಿ ಈಗ ಬಿಸಿಲೆಲ್ಲಿ?

ಉದ್ದ ಮೊಣಕಾಲಿಗೆ ಒಂದು ಗೇಣು ಮೇಲೆ. ತೋಳು ಮುಕ್ಕಾಲು, ಕೈ ತೊಳೆಯುವಾಗ ಮಡಿಸುವ ತಾಪತ್ರಯ ಇರಬಾರದು. ಕತ್ತು ಮೇಲೇ ಇರಲಿ. ಇಡೀ ದಿನ ಬಗ್ಗುವ ಕೆಲಸ, ಎದುರಿಗೆ ಯಾರದೋ ಅಪ್ಪ ನಿಂತಿರುತ್ತಾರೆ. ಕುಕ್ಕರಗಾಲಲ್ಲಿ ಕೂತಾಗ ಬೆನ್ನೂ ಕಾಣಬಾರದು. ಎದೆ, ಹೆಗಲ ಮೇಲೆ ಗುಂಡಿ, ಜರಿ, ಕನ್ನಡಿ ಕೆಲಸ ಯಾವುದೂ ಬೇಡ. ಮಲಗಿದ ಮಗುವಿನ ಕೆನ್ನೆಗೆ ಒತ್ತುತ್ತದೆ. ಜೇಬು ಎರಡು ಇರಲಿ. ಬಲಗಡೆಯದು ಆಳವಾಗಿರಲಿ, ಹೊರಗೆ ಹೋದಾಗ ಫೋನ್ ಜೊತೆಗಿರಲೇಬೇಕು. ಮಕ್ಕಳನ್ನು ನಾನು ಎಡಸೊಂಟದ ಮೇಲೆ ಎತ್ತಿಕೊಳ್ಳುವುದು, ಆ ಕಡೆಯ ಜೇಬಲ್ಲಿ ಗಟ್ಟಿ ವಸ್ತು ಇಡುವುದಿಲ್ಲ. ಪ್ಯಾಂಟು ಎರಡು ಸಾಕು, ಸೊಂಟಕ್ಕೆ ಎಲಾಸ್ಟಿಕ್, ಮಂಡಿಗೆ ಒಳಗಡೆಯಿಂದ ಇನ್ನೊಂದು ಪದರ. ಅಳತೆಗೆ ನಾನು ಬಿಟ್ಟುಬಂದ ಹಸಿರು ಚೂಡಿದಾರ್ ಇದೆ, ಎದೆಗೆ ಒಂದು ಇಂಚು ಜಾಸ್ತಿ ಬಿಡಲಿ.

ಹೊಲಿದ ಮೇಲೆ ಒಂದು ಸಲ ಒಗೆದು, ಚೆನ್ನಾಗಿ ಒಣಗಿಸಿ ಕಳಿಸು. ಬೀರುವಿನಲ್ಲಿ ಇಡಬೇಡ, ಪೆಟ್ಟಿಗೆಯಲ್ಲೂ ನುಸಿಗುಳಿಗೆ ಹಾಕಬೇಡ. ಆ ವಾಸನೆ ಹಿಡಿದ ಬಟ್ಟೆ ಹಸುಗೂಸುಗಳಿಗೆ ತುಂಬಾ ಕೆಟ್ಟದ್ದು, ಕೆಲವು ಮಕ್ಕಳಿಗೆ ರಕ್ತದ ಕೆಂಪು ಕಣಗಳೇ ಒಡೆದುಹೋಗಬಹುದು. ಚಿಕ್ಕಮ್ಮನ ಮಗನಿಗೂ ಇದನ್ನು ಹೇಳಿಬಿಡು, ಅವನ ಸೂಟ್‌ಕೇಸಿನಲ್ಲೂ ಇರಬಾರದು.

ಅಪ್ಪನಿಗೆ, ಅಣ್ಣ ಅತ್ತಿಗೆಗೆ ನಮಸ್ಕಾರ. ಪುಟ್ಟನಿಗೆ ಮುತ್ತು.

ನಿನ್ನ ಪ್ರೀತಿಯ
ಮಗಳು