ಲೈಬ್ರರಿ ಕಪಾಟಿನ ರೊಟ್ಟಿಗೆ ಫೋಟೋ ಬೇಡ

ಮಾನ್ಯ ಸಂಪಾದಕರೇ,

ಗದಗ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಲೈಬ್ರರಿಯನ್. ನಮ್ಮ ಲೈಬ್ರರಿಯ ಹಿಂದಿನ ಮೂಲೆಯಲ್ಲಿ ಒಂದು ಕಬ್ಬಿಣದ ಕಪಾಟಿದೆ. ಮೊದಲು ಅದರಲ್ಲಿ ಹಳೇ ಪ್ರಶ್ನೆಪತ್ರಿಕೆಗಳಿದ್ದವು. ಈಗ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಪುಟಾಣಿ, ಬೆಲ್ಲ ಇವೆ. ಹಸಿದ ಮಕ್ಕಳು ತೆಗೆದುಕೊಂಡು ತಿನ್ನುತ್ತಾರೆ.

ಕಳೆದ ವಾರ ಊರಿನವರೊಬ್ಬರು ತಮ್ಮ ಹುಟ್ಟುಹಬ್ಬಕ್ಕೆಂದು ನೂರು ರೊಟ್ಟಿ ತಂದರು. ಜೊತೆಗೆ ಫೋಟೋ ತೆಗೆಯುವವನನ್ನೂ ಕರೆತಂದಿದ್ದರು. "ನಾಲ್ಕು ಹುಡುಗರನ್ನ ಕರೀರಿ ಮೇಡಂ, ಕೈಗೆ ಕೊಟ್ಟಂಗ ಒಂದು ಫೋಟೋ" ಎಂದರು. ನಾನು ಕರೆಯಲಿಲ್ಲ. ರೊಟ್ಟಿ ವಾಪಸ್ ಹೋಯಿತು. ಅದಕ್ಕೇ ಈ ಪತ್ರ.

ಊಟದ ಬಿಡುವಿನಲ್ಲಿ ನಮ್ಮ ಲೈಬ್ರರಿ ತುಂಬಿರುತ್ತಿತ್ತು. ಪರವಾಗಿಲ್ಲ, ಓದುತ್ತಾರೆ ಎಂದು ನಾನು ಖುಷಿಪಟ್ಟಿದ್ದೆ. ಆಮೇಲೆ ಗೊತ್ತಾಯಿತು, ಅವರಲ್ಲಿ ಸುಮಾರು ಜನ ಡಬ್ಬಿ ಬಿಚ್ಚುವವರ ಮಧ್ಯೆ ಕೂರಲಾಗದೆ ಇಲ್ಲಿ ಬಂದು ಸುಮ್ನೆ ಪೇಪರ್ ತಿರುವಿಹಾಕುತ್ತಿದ್ದರು.

ಅಕ್ಷರ ದಾಸೋಹ ಹತ್ತನೇ ತರಗತಿಗೆ ಮುಗಿಯುತ್ತದೆ. ಹಸಿವು ಅಲ್ಲಿಗೆ ಮುಗಿಯುವುದಿಲ್ಲವಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆಯಿತು, ಒಳ್ಳೆಯದೇ ಆಯಿತು. ಆದರೆ ಮೊದಲ ಬಸ್ಸಿಗೆ ಹೊರಟವಳು ಒಲೆ ಹೊತ್ತುವ ಮೊದಲೇ ಮನೆ ಬಿಟ್ಟಿರುತ್ತಾಳೆ. ರೂಮು ಮಾಡಿಕೊಂಡಿರುವ ಹುಡುಗರಿಗೆ ಊರಿನಿಂದ ಬಸ್ಸಿನಲ್ಲಿ ಬುತ್ತಿ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗುತ್ತಾರೆ. ಬುತ್ತಿ ನಿಲ್ಲುತ್ತದೆ.

ಕಪಾಟಿನ ಯೋಚನೆ ಕೊಟ್ಟವನು ಅಮೆರಿಕದಲ್ಲಿ ಓದುತ್ತಿರುವ ನನ್ನ ತಂಗಿಯ ಮಗ. ಅಲ್ಲಿನ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ 1993ರಿಂದಲೂ ವಿದ್ಯಾರ್ಥಿಗಳೇ ನಡೆಸುವ ಫುಡ್ ಬ್ಯಾಂಕ್ ಇದೆಯಂತೆ. ಅಷ್ಟು ದುಡ್ಡಿರುವ ದೇಶದಲ್ಲೂ ಹೀಗಾ ಅಂತ ಕೇಳಿದ್ದೆ.

ಲೈಬ್ರರಿಯವಳಲ್ಲವೇ, ಶುರುವಿನಲ್ಲಿ ನಾನೂ ಒಂದು ರಿಜಿಸ್ಟರ್ ಇಟ್ಟೆ. ಹೆಸರು, ಕ್ಲಾಸು, ತೆಗೆದುಕೊಂಡದ್ದು ಏನು, ಸಹಿ. ಎಂಟು ದಿನ ಒಂದು ರೊಟ್ಟಿಯೂ ಕದಲಲಿಲ್ಲ. ಮಕ್ಕಳಿಗೆ ಬೇಕಾಗಿಲ್ಲವೇನೋ ಅಂದುಕೊಂಡೆ. ನಮ್ಮ ಅಟೆಂಡರ್ ಹೇಳಿದರು, "ಅಕ್ಕಾರ, ಆ ಬುಕ್ ತೆಗದು ನೋಡ್ರಿ." ತೆಗೆದೆ. ಕೀಲಿಯನ್ನು ಮೊಳೆಗೆ ತೂಗುಹಾಕಿ, ಕಪಾಟು ನನ್ನ ಕುರ್ಚಿಗೆ ಕಾಣದಂತೆ ತಿರುಗಿಸಿದೆವು. ಎರಡೇ ದಿನದಲ್ಲಿ ಖಾಲಿ. ಈಗ ಬರೀ ಸದ್ದು ಕೇಳುತ್ತದೆ. ಖಡಕ್ ರೊಟ್ಟಿಯನ್ನು ಸದ್ದಿಲ್ಲದೆ ಮುರಿಯಲು ಆಗುವುದಿಲ್ಲ. ಆಗ ನಾನು ಜೋರಾಗಿ ಪುಸ್ತಕ ಜೋಡಿಸುತ್ತೇನೆ.

ಉಳ್ಳವರ ಮಕ್ಕಳೂ ತಿನ್ನುವುದಿಲ್ಲವೇ ಎಂದು ಕೇಳುತ್ತಾರೆ. ತಿನ್ನುತ್ತಾರೆ. ತಿನ್ನಲಿ. ಅವರೂ ತಿನ್ನುವುದರಿಂದಲೇ ಕಪಾಟಿನ ಹತ್ತಿರ ಹೋದವನು ಬಡವ ಅಂತ ಯಾರೂ ಗುರುತು ಹಿಡಿಯುವುದಿಲ್ಲ. ಬಿಪಿಎಲ್ ಕಾರ್ಡಿನ ಜೆರಾಕ್ಸ್ ತೆಗೆದುಕೊಳ್ಳಿ ಎಂಬ ಸಲಹೆಯೂ ಬಂದಿತ್ತು. ಎರಡು ರೊಟ್ಟಿಗೆ ಜೆರಾಕ್ಸ್!

ನಮ್ಮ ಅಪ್ಪ ಧಾರವಾಡದಲ್ಲಿ ವಾರಾನ್ನ ಉಂಡು ಓದಿದವರು. ಏಳು ದಿನಕ್ಕೆ ಏಳು ಮನೆ. ಆರು ಮನೆಯ ಅಡುಗೆ ಅವರಿಗೆ ಮರೆತುಹೋಗಿತ್ತು. ಏಳನೆಯ ಮನೆಯಲ್ಲಿ ಬಂದ ನೆಂಟರಿಗೆಲ್ಲ "ಇಂವ ನಮ್ಮನಿ ವಾರದ ಹುಡುಗ" ಎಂದು ತೋರಿಸುತ್ತಿದ್ದರಂತೆ. ಅದನ್ನು ಎಂಬತ್ತನೇ ವಯಸ್ಸಿನಲ್ಲೂ ಹೇಳುತ್ತಿದ್ದರು.

ಬಿಸಿಯೂಟವನ್ನು ಪಿಯು, ಡಿಗ್ರಿಗೂ ವಿಸ್ತರಿಸಿದರೆ ನನ್ನ ಕಪಾಟಿನ ಕೆಲಸವೇ ಇರುವುದಿಲ್ಲ. ಸರ್ಕಾರ ಅಷ್ಟು ಮಾಡಲಿ. ಅಲ್ಲಿಯವರೆಗೆ ರೊಟ್ಟಿ ಬೇಕು. ನೂರು ರೊಟ್ಟಿ ತಂದವರು ಇದನ್ನು ಓದಿದರೆ ದಯವಿಟ್ಟು ಬೇಸರ ಮಾಡಿಕೊಳ್ಳದೆ ಮತ್ತೆ ಬರಲಿ. ಸ್ಟೀಲ್ ಡಬ್ಬಿ ಇದ್ದರೆ ಅದೂ ಇರಲಿ, ಬೆಲ್ಲಕ್ಕೆ ಇರುವೆ ಜಾಸ್ತಿ. ಭಾನುವಾರ ಊರಿನಿಂದ ತಂದ ಬುತ್ತಿ ಗುರುವಾರದ ಹೊತ್ತಿಗೆ ತೀರುತ್ತದೆ. ಹಾಗಾಗಿ ಬುಧವಾರ ಬಂದರೆ ಒಳ್ಳೆಯದು. ಸಂಜೆ ನಾಲ್ಕೂವರೆಯವರೆಗೆ ಲೈಬ್ರರಿ ತೆರೆದಿರುತ್ತದೆ.

– ಒಬ್ಬ ಲೈಬ್ರರಿಯನ್, ಗದಗ ಜಿಲ್ಲೆ